ಮೂರನೆಯ ನಾಯಿ

"ರಿಪೋರ್ಟಿನಾಗೆ 'ವಿಷ ಹಾಕಿದಾರೆ' ಅಂತ ಒಂದು ಮಾತು ಬರೀರಿ ಮೇಡಂ, ಸಾಕು. ಉಳಿದಿದ್ದು ನಾವು ನೋಡ್ಕೊಂತೀವಿ."

ತೋಟದ ಮಾಲೀಕರು ಹೀಗೆ ಹೇಳಿದಾಗ ನಾನಿನ್ನೂ ಕೈಗೆ ಗ್ಲೌಸ್ ಕೂಡ ಹಾಕಿರಲಿಲ್ಲ. ನಾಯಿ ಯಾಕೆ ಸತ್ತಿತು ಎಂದು ನೋಡಲು ನನ್ನನ್ನು ಕರೆಸಿದ್ದರು. ಆದರೆ ಯಾಕೆ ಸತ್ತಿತು, ಯಾರು ಸಾಯಿಸಿದರು ಎನ್ನುವುದೆಲ್ಲ ನಾನು ಬರುವ ಮೊದಲೇ ಅಲ್ಲಿ ತೀರ್ಮಾನವಾಗಿತ್ತು. ನನ್ನ ಸಹಿ ಮಾತ್ರ ಬಾಕಿ ಇತ್ತು.

ಸಂತೇಬೆನ್ನೂರಿನಿಂದ ಸ್ವಲ್ಪ ಒಳಗಿರುವ ಊರು ಅದು. ನಾನು ಆ ಭಾಗದ ಸರ್ಕಾರಿ ಪಶುವೈದ್ಯೆ. ದಿನವೂ ನೋಡುವುದು ಹಸು, ಎಮ್ಮೆ, ಕುರಿ. ನಾಯಿ ಬಂದರೆ ಹುಚ್ಚುನಾಯಿ ರೋಗದ ಲಸಿಕೆಗೆ ಬರುತ್ತದೆ, ಅಷ್ಟೆ. ಆವತ್ತು ಬೆಳಿಗ್ಗೆ ಠಾಣೆಯಿಂದ ಫೋನ್ ಬಂತು. ತೋಟದ ಕಾವಲು ನಾಯಿಗಳಿಗೆ ಯಾರೋ ವಿಷ ಹಾಕಿದ್ದಾರೆಂದು ದೂರು ಬಂದಿದೆ, ಬಂದು ಪೋಸ್ಟ್‌ಮಾರ್ಟಂ ಮಾಡಿಕೊಡಿ ಎಂದರು. ನಮ್ಮ ಆಸ್ಪತ್ರೆಯ ಸಹಾಯಕರನ್ನು ಕರೆದುಕೊಂಡು ಹೋದೆ.

ಒಂದು ನಾಯಿ ಪಂಪ್‌ಸೆಟ್ ಮನೆಯ ಹಿಂದೆ ಸತ್ತು ಬಿದ್ದಿತ್ತು. ಭಾರಿ ಗಾತ್ರದ ಗಂಡು ನಾಯಿ. ಇನ್ನೊಂದು, ಹೆಣ್ಣು, ಇನ್ನೂ ಉಸಿರಾಡುತ್ತಿತ್ತು. ಅದರ ಹಿಂಭಾಗವೆಲ್ಲ ರಕ್ತಭೇದಿಯಿಂದ ತೊಯ್ದಿತ್ತು. ವಸಡು ಬಿಳಿಚಿಕೊಂಡಿತ್ತು. ನಾನು ಬ್ಯಾಗು ತೆಗೆದು ಡ್ರಿಪ್ ಹಾಕುವಷ್ಟರಲ್ಲಿ ಅದೂ ಕಾಲು ಚಾಚಿತು.

ಆದರೆ ಸಾಯುವ ಮೊದಲು ಅದು ನನಗೆ ಬೇಕಾದ ಒಂದೆರಡು ವಿಷಯ ತೋರಿಸಿತ್ತು. ನಮ್ಮ ಕಡೆ ನಾಯಿಗೆ ವಿಷ ಹಾಕುವುದೆಂದರೆ ಹೊಲಕ್ಕೆ ಹಾಕುವ ಕೀಟನಾಶಕವನ್ನು ಮಾಂಸದಲ್ಲಿ ಬೆರೆಸಿ ಎಸೆಯುವುದು. ಅದನ್ನು ತಿಂದ ನಾಯಿಯ ಬಾಯಲ್ಲಿ ಜೊಲ್ಲು ಧಾರೆಯಾಗಿ ಸುರಿಯುತ್ತದೆ, ಮೈ ಅದುರುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗುತ್ತದೆ. ಬಾಯಿ ಹತ್ತಿರ ಮೂಗು ಒಯ್ದರೆ ಔಷಧಿಯ ಘಾಟು ಹೊಡೆಯುತ್ತದೆ. ಈ ನಾಯಿಗೆ ಅದ್ಯಾವುದೂ ಇರಲಿಲ್ಲ.

"ಯಾವಾಗಿಂದ ಹಿಂಗಿತ್ತು?" ಎಂದು ಕೇಳಿದೆ.

"ಮೊನ್ನೆ ಸಂಜೆಯಿಂದ ಊಟ ಬಿಟ್ಟಿದ್ವು. ನಿನ್ನೆ ವಾಂತಿ ಮಾಡ್ಕೊಂತಿದ್ವು. ಬಿಸಿಲಿಗೆ ಅಂತ ಸುಮ್ಕಿದ್ವಿ," ಎಂದರು ಮಾಲೀಕರು.

"ಕೀಟನಾಶಕ ಆಗಿದ್ರೆ ಇಷ್ಟು ಹೊತ್ತು ಬದುಕ್ತಿರಲಿಲ್ಲ ಯಜಮಾನ್ರೇ. ಗಂಟೆ ಎರಡು ಗಂಟೇಲಿ ಮುಗೀತಿತ್ತು."

ಅವರಿಗೆ ನನ್ನ ಮಾತು ಹಿಡಿಸಲಿಲ್ಲ. ಅಂಗಳದ ಕಡೆ ಕೈ ತೋರಿಸಿದರು. ಬೇಯಿಸಿದ ಅಡಿಕೆ ಅಲ್ಲಿ ಕೆಂಪಗೆ ಒಣಗುತ್ತಿತ್ತು. "ಇಷ್ಟು ಮಾಲು ಹೊರಗೈತೆ. ನಾಯಿ ಇದ್ರೆ ಒಂದು ಹುಳ ಒಳಗೆ ಬರಾಕಾಗಲ್ಲ. ಅದಕ್ಕೇ ಮೊದ್ಲು ನಾಯಿ ತೆಗೆದಿದಾನೆ. ನಮ್ಮ ತೋಟದಾಗೇ ಇದ್ದ ಆಳು. ಗಂಡ ಹೆಂಡ್ತಿ ಜಗಳೂರು ಕಡೆಯಿಂದ ಬಂದೋರು. ಆ ಕಡೆಯೋರನ್ನ ನಂಬಾಕಾಗಲ್ಲ ಮೇಡಂ."

"ನಾನೂ ಜಗಳೂರಿನೋಳೇ," ಎಂದೆ.

ಅವರು ನಕ್ಕರು. "ನೀವು ಬಿಡ್ರಿ ಮೇಡಂ. ಓದ್ದೋರು."

ಆ ನಗು ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ. ಅವರ ಲೆಕ್ಕದಲ್ಲಿ ನನ್ನನ್ನು ನಮ್ಮೂರಿನಿಂದ ಬೇರೆ ಮಾಡಿ ಮೇಲೆ ಕೂರಿಸಿದ್ದು ಮರ್ಯಾದೆ. ನಾನದಕ್ಕೆ ಖುಷಿಪಡಬೇಕಿತ್ತು.

ಹಿಂದಿನ ರಾತ್ರಿ ಗಂಡು ನಾಯಿ ಸತ್ತ ಕೂಡಲೇ ಆಳನ್ನು ಠಾಣೆಗೆ ಕರೆದೊಯ್ದಿದ್ದರು. ಏನಾದರೂ ಕಳುವಾಗಿತ್ತೇ? ಇಲ್ಲ. ಅವನು ವಿಷ ಹಾಕಿದ್ದನ್ನು ಯಾರಾದರೂ ನೋಡಿದ್ದರೇ? ಅದೂ ಇಲ್ಲ. ಅವನ ತಪ್ಪೆಂದರೆ, ಹೋದ ವಾರ ಗಂಡು ನಾಯಿ ಅವನ ಮೀನಖಂಡ ಕಚ್ಚಿತ್ತು, ಅವನು ಅದನ್ನು ಬೈದಿದ್ದ. "ಒಂದಿನ ನಿನಗೈತೆ" ಅಂದಿದ್ದನಂತೆ. ನಾಯಿ ಕಚ್ಚಿಸಿಕೊಂಡವರು ನಾಯಿಯನ್ನು ಬೈಯದೆ ಇನ್ನೇನು ಮಾಡುತ್ತಾರೆ? ಕಚ್ಚಿದ ಗಾಯಕ್ಕೆ ಅವನಿಗೆ ಇಂಜೆಕ್ಷನ್ ಕೊಡಿಸಿದ್ದೀರಾ ಎಂದು ಕೇಳಿದೆ. ಕೊಡಿಸಿರಲಿಲ್ಲ.

ತೋಟದ ಮೂಲೆಯ ಶೀಟಿನ ಶೆಡ್ಡಿನ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡು ನಮ್ಮನ್ನೇ ನೋಡುತ್ತಿದ್ದಳು. ಅವಳೇ ಆ ಆಳಿನ ಹೆಂಡತಿ. ಅವಳನ್ನು ಆವತ್ತು ಯಾರೂ ಏನೂ ಕೇಳಲಿಲ್ಲ. ನಾನು ಕೇಳಬೇಕೆಂದು ಆ ಕಡೆ ಹೆಜ್ಜೆ ಇಟ್ಟೆ. ಮಾಲೀಕರ ತಮ್ಮ ದನಿ ಎತ್ತಿ, "ಒಳಗೆ ಹೋಗೇ," ಎಂದ. ಅವಳು ಬಾಗಿಲು ಹಾಕಿಕೊಂಡಳು.

ಗಂಡು ನಾಯಿಯನ್ನು ತೆಂಗಿನ ಮರದ ನೆರಳಿಗೆ ಎಳೆಸಿ ಹೊಟ್ಟೆ ಬಗೆದೆ. ಸಣ್ಣ ಕರುಳು ಉದ್ದಕ್ಕೂ ಕಪ್ಪುಗೆಂಪಾಗಿ ಊದಿತ್ತು. ಒಳಪೊರೆ ಸುಲಿದು ಹೋದ ಹಾಗೆ ಇತ್ತು. ಜಠರ ಹೆಚ್ಚು ಕಡಿಮೆ ಖಾಲಿ. ಗೋಡೆಗೆ ಕಂದು ಬಣ್ಣದ ಜಿಡ್ಡು, ಅದರಲ್ಲಿ ಮರಳಿನಂಥ ಚೂರು. ಮಣ್ಣೂ ಇತ್ತು. ಹಳಸಿದ ಎಣ್ಣೆಯ ವಾಸನೆ ಸಣ್ಣಗೆ ಬರುತ್ತಿತ್ತು. ಏನೆಂದು ತಿಳಿಯಲಿಲ್ಲ. ಮಾಂಸದ ಚೂರು, ಪ್ಲಾಸ್ಟಿಕ್, ಕೀಟನಾಶಕದ ಕಾಳು ಯಾವುದೂ ಸಿಗಲಿಲ್ಲ.

ದೊಡ್ಡ ನಾಯಿಗಳಿಗೆ ಬರುವುದು ಕಡಿಮೆಯಾದರೂ ರಕ್ತಭೇದಿಯ ಪಾರ್ವೊ ರೋಗ ಇರಬಹುದೇ ಎಂದು ನನ್ನ ಬಳಿ ಇದ್ದ ಕಿಟ್‌ನಲ್ಲಿ ಪರೀಕ್ಷೆ ಮಾಡಿದೆ. ಎರಡನೆಯ ಗೆರೆ ಮೂಡಲಿಲ್ಲ. ಅಂದರೆ ಪಾರ್ವೊ ಅಲ್ಲ. ಜಠರ, ಕರುಳು, ಯಕೃತ್ತು, ಮೂತ್ರಪಿಂಡದ ತುಂಡುಗಳನ್ನು ದಟ್ಟ ಉಪ್ಪುನೀರಿನ ಬಾಟಲಿಗಳಿಗೆ ಹಾಕಿ, ಪೊಲೀಸರ ಮುಂದೆ ಅರಗಿನ ಮುದ್ರೆ ಒತ್ತಿ ಪ್ರಯೋಗಾಲಯಕ್ಕೆಂದು ಒಪ್ಪಿಸಿದೆ. ರಿಪೋರ್ಟಿನಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆದೆ. ಕರುಳಿನ ತೀವ್ರ ಉರಿಯೂತದಿಂದ ಸಾವು, ಕೀಟನಾಶಕದ ಲಕ್ಷಣಗಳಿಲ್ಲ, ಕಾರಣ ಪರೀಕ್ಷೆಯಿಂದ ತಿಳಿಯಬೇಕು.

ಮಾಲೀಕರು ಓದಿ, ಕಾಗದವನ್ನು ವಾಪಸು ನನ್ನ ಕಡೆ ಚಾಚಿದರು. "ಇದರಾಗೆ ವಿಷ ಅನ್ನೋ ಪದಾನೇ ಇಲ್ಲ."

"ಕಂಡಿದ್ರೆ ಬರೀತಿದ್ದೆ."

ಆಸ್ಪತ್ರೆಗೆ ಬಂದು ಕೈ ತೊಳೆಯುತ್ತಿದ್ದಾಗಲೇ ಮೇಲಧಿಕಾರಿಯ ಫೋನ್ ಬಂತು. ಮಾಲೀಕರು ಅವರಿಗೂ ಗೊತ್ತಿದ್ದವರು. "ಅಲ್ರೀ, 'ವಿಷಪ್ರಾಶನದ ಶಂಕೆ' ಅಂತ ಹಾಕಿ ಬಿಡ್ರಿ. ಶಂಕೆ ತಾನೇ? ನಿಮ್ಮ ಗಂಟೇನು ಹೋಗುತ್ತೆ?" ಎಂದರು.

ಎರಡು ನಾಯಿ ಒಂದೇ ಹೊತ್ತಿಗೆ ಸತ್ತಿವೆ, ಏನನ್ನೋ ತಿಂದೇ ಸತ್ತಿರಬಹುದು, ಅದು ನನಗೂ ಗೊತ್ತಿತ್ತು. ಆದರೆ ಆ ಹೊತ್ತಿನಲ್ಲಿ ಆ ಪದ ಬರೆದರೆ ಅದು ನಾಯಿಯ ಹೊಟ್ಟೆಯ ಬಗ್ಗೆ ಇರುತ್ತಿರಲಿಲ್ಲ, ಠಾಣೆಯಲ್ಲಿ ಕೂತವನ ಬಗ್ಗೆ ಇರುತ್ತಿತ್ತು. "ಸರ್, ಆ ಮಾತಿನ ಮೇಲೆ ಒಬ್ಬ ಮನುಷ್ಯನ್ನ ಒಳಗೆ ಹಾಕ್ತಾರೆ," ಎಂದೆ.

"ಅದು ಪೊಲೀಸರ ಕೆಲಸ. ನಮ್ಮದಲ್ಲ," ಎಂದು ಫೋನಿಟ್ಟರು.

ಮಾರನೆಯ ದಿನ ಬೆಳಿಗ್ಗೆ ಆಸ್ಪತ್ರೆಯ ಮುಂದೆ ಹಸು ಹಿಡಿದುಕೊಂಡವರ ಸಾಲು ಇತ್ತು. ಆಗ ಒಂದು ಲಗೇಜ್ ಆಟೋ ಬಂದು ನಿಂತಿತು. ಹಿಂದಿನಿಂದ ಇಳಿದವಳು ಆ ಹೆಂಗಸು. ಎರಡೂ ಕೈಯಲ್ಲಿ ಗೋಣಿಚೀಲದಲ್ಲಿ ಸುತ್ತಿದ ಒಂದು ಕರಿ ನಾಯಿ. ನಾಟಿ ನಾಯಿ, ಬಲಗಿವಿ ಹರಿದದ್ದು. ತಲೆ ಜೋತು ಬಿದ್ದಿತ್ತು.

"ನಮ್ದು ರೀ. ಕರಿಯ ಅಂತ. ಮೊನ್ನೆಯಿಂದ ಹಿಂಗೇ ಮಾಡಾಕತ್ತೈತೆ," ಎಂದಳು.

ಸಾಲಿನಲ್ಲಿದ್ದ ಒಬ್ಬರು, "ಬೀದಿನಾಯಿಗೆಲ್ಲ ಸರ್ಕಾರಿ ಔಷಧ ಯಾಕ್ರೀ, ಮೊದ್ಲು ನಮ್ಮ ಎಮ್ಮೆ ನೋಡ್ರಿ," ಎಂದರು. ಎಮ್ಮೆ ಬಂದಿದ್ದು ಗರ್ಭ ಪರೀಕ್ಷೆಗೆ. ಅದು ಕಾಯಬಹುದಿತ್ತು. ಈ ನಾಯಿ ಕಾಯುವಂತಿರಲಿಲ್ಲ.

ಮೇಜಿನ ಮೇಲೆ ಮಲಗಿಸಿ ನೋಡಿದೆ. ಅದೇ ರಕ್ತಭೇದಿ, ಅದೇ ಬಿಳಿಚಿದ ವಸಡು. ಹೊಟ್ಟೆ ಮುಟ್ಟಿದರೆ ನೋವಿಗೆ ನರಳುತ್ತಿತ್ತು. ಜ್ವರ ಇಲ್ಲ, ಬದಲಿಗೆ ಮೈ ತಣ್ಣಗಾಗುತ್ತಿತ್ತು. ಮುಂಗಾಲಿನ ರಕ್ತನಾಳ ಒಣಗಿದ ದಾರದಂತಾಗಿ ಕೈಗೆ ಸಿಗಲಿಲ್ಲ. ಹಿಂಗಾಲಿನಲ್ಲಿ ಹುಡುಕಿ ಸೂಜಿ ಚುಚ್ಚಿ ಡ್ರಿಪ್ ಬಿಟ್ಟೆ. ಸಹಾಯಕರು ಬಾಟಲಿ ಹಿಡಿದು ನಿಂತರು. ಬಿಸಿನೀರು ತುಂಬಿದ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಅದರ ಪಕ್ಕೆಗೆ ಇಟ್ಟೆವು.

"ನಿನ್ನೆ ನಾನು ತೋಟದಲ್ಲೇ ಇದ್ದೆನಲ್ಲಮ್ಮ, ಯಾಕೆ ತೋರಿಸಲಿಲ್ಲ?"

"ಶೆಡ್ಡಿನ ಒಳಗೇ ಇತ್ರಿ. ಹೇಳಾಕೆ ಬಂದೆ. ಬಾಗ್ಲಾಗೇ ಓಡಿಸಿದ್ರು. ನಮ್ಮ ಯಜಮಾನ್ರು ಠಾಣೇಲಿ ಅದನ್ನೇ ಹೇಳಿದಾರಂತೆ, ನನ್ನ ನಾಯಿಗೂ ಹಂಗೇ ಆಗೈತೆ, ನನ್ನ ನಾಯಿಗೆ ನಾನ್ಯಾಕೆ ವಿಷ ಹಾಕ್ಲಿ ಅಂತ. 'ನಿನ್ನ ನಾಯಿ ಯಾವ ಲೆಕ್ಕ' ಅಂದ್ರಂತೆ."

ತೋಟದಲ್ಲಿ ಮೂರು ನಾಯಿ ಕಾಯಿಲೆ ಬಿದ್ದಿದ್ದವು. ದೂರಿನಲ್ಲಿ ಎರಡಿದ್ದವು. ಮೂರನೆಯದನ್ನು ಸೇರಿಸಿದ್ದರೆ ಇಡೀ ಕಥೆಯೇ ನಿಲ್ಲುತ್ತಿರಲಿಲ್ಲ. ತಾನು ಸಾಕಿದ ನಾಯಿಗೂ ಸೇರಿಸಿ ವಿಷ ಹಾಕುವ ಕಳ್ಳನನ್ನು ಯಾರು ನಂಬುತ್ತಾರೆ? ಅದಕ್ಕೇ ಅದನ್ನು ಸೇರಿಸಲಿಲ್ಲ. ಅಥವಾ ಸೇರಿಸಬೇಕೆಂದು ಯಾರಿಗೂ ಹೊಳೆಯಲೇ ಇಲ್ಲ. ಯಾವುದು ಹೆಚ್ಚು ಕೆಟ್ಟದ್ದು, ನನಗೆ ಗೊತ್ತಿಲ್ಲ.

ಅಷ್ಟರಲ್ಲಿ ಕರಿಯ ತಲೆ ಎತ್ತಿ ಓಕರಿಸಿತು. ಸ್ವಲ್ಪವೇ ಬಂತು. ರಕ್ತದ ಎಳೆ, ಮಣ್ಣು, ಜಿಡ್ಡು. ಅದರಲ್ಲಿ ಉಗುರಿನ ಕಾಲುಭಾಗದಷ್ಟು ಒಂದು ಸಿಪ್ಪೆ. ಚಿಮಟದಲ್ಲಿ ಎತ್ತಿ, ನೀರಿನಲ್ಲಿ ಅಲುಗಿಸಿ, ಕಿಟಕಿಯ ಬೆಳಕಿಗೆ ಹಿಡಿದೆ. ನುಣುಪಾಗಿ ಹೊಳೆಯುವ ಗಟ್ಟಿ ಸಿಪ್ಪೆ. ಕಂದು ಮೈಮೇಲೆ ಬೂದು ಬಣ್ಣದ ಚುಕ್ಕೆ, ಗೆರೆ.

ನೋಡಿದ ಕೂಡಲೇ ಗುರುತು ಸಿಕ್ಕಿತು. ಹರಳು. ನಮ್ಮ ಮನೆಯಲ್ಲಿ ಔಡಲ ಅನ್ನುತ್ತಿದ್ದೆವು. ಬಾಣಂತಿಯರಿಗೆ, ಎಳೆ ಕೂಸುಗಳ ನೆತ್ತಿಗೆ ಎಣ್ಣೆ ಬೇಕೆಂದು ನಮ್ಮಜ್ಜಿ ಪ್ರತಿ ವರ್ಷ ಹರಳು ಹುರಿದು, ಕುಟ್ಟಿ, ಕುದಿಸಿ ಎಣ್ಣೆ ತೆಗೆಯುತ್ತಿದ್ದಳು. ಚಿಕ್ಕಂದಿನಲ್ಲಿ ನನಗೆ ಆ ಬೀಜ ದನದ ಮೈಮೇಲೆ ರಕ್ತ ಕುಡಿದು ಉಬ್ಬಿದ ಉಣುಗಿನ ಹಾಗೆ ಕಾಣುತ್ತಿತ್ತು, ಮುಟ್ಟಲು ಅಸಹ್ಯಪಡುತ್ತಿದ್ದೆ. ಎಣ್ಣೆ ಒಳ್ಳೆಯದು. ಆದರೆ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ಬೀಜದ ವಿಷವೆಲ್ಲ ಉಳಿದುಕೊಳ್ಳುತ್ತದೆ. ಸರಿಯಾಗಿ ಕಾಯಿಸಿ ವಿಷ ಕಳೆಯದಿದ್ದರೆ ಅದು ಕರುಳನ್ನು ಒಳಗಿನಿಂದ ಸುಲಿದು ಹಾಕುತ್ತದೆ. ಅದಕ್ಕೆ ಮದ್ದಿಲ್ಲ. ತಿಂದ ಕೂಡಲೇ ಬಂದರೆ ಇದ್ದಿಲಿನ ಔಷಧಿ ಕುಡಿಸಬಹುದು. ಇದಕ್ಕೆ ಆ ಹೊತ್ತು ಮೀರಿತ್ತು.

"ಗಿಡಕ್ಕೆ ಏನಾದ್ರೂ ಹಿಂಡಿ ಹಾಕಿದ್ರಾ ಈಚೆಗೆ?"

"ಹೂಂ ರೀ. ಗೊಬ್ರ ಬಂದಿತ್ತಲ್ಲ, ಚೀಲದ್ದು. ನಾವೇ ಹಾಕಿದ್ದು. ಅಡಿಕೆ ಬುಡಕ್ಕೆ ಹಾಕಿ ಮಣ್ಣು ಮುಚ್ಚಿದ್ವಿ. ಈ ಮೂರೂ ಬುಡ ಕೆದರಿ ಕೆದರಿ ತಿಂತಿದ್ವು. ಎಷ್ಟು ಓಡಿಸಿದ್ರೂ ಬಿಡವಲ್ವು. ಮೂಳೆ ವಾಸ್ನೆ ಹೊಡೀತಿತ್ತು ಅದು."

"ಇದನ್ನ ಠಾಣೇಲಿ ಹೇಳಿದ್ರಾ?"

"ಗೊಬ್ರ ತಿಂದ್ರೆ ಸಾಯ್ತಾವೆ ಅಂತ ನಮಗೇನು ಗೊತ್ರಿ?"

ಅವಳಿಗೆ ಹೇಗೆ ಗೊತ್ತಾಗಬೇಕು? ಚೀಲದ ಮೇಲೆ ಹಾಗೆಂದು ಬರೆದಿದ್ದರೆ ತಾನೇ?

ಕರಿಯನಿಗೆ ವಾಂತಿ ನಿಲ್ಲುವ ಇಂಜೆಕ್ಷನ್, ನೋವಿಗೆ ಒಂದು, ಸೋಂಕಿಗೆ ಒಂದು ಕೊಟ್ಟು, ಡ್ರಿಪ್ ಹನಿಯುವಂತೆ ಮಾಡಿ, ಆ ಹೆಂಗಸನ್ನು ಅದರ ಪಕ್ಕ ಕೂರಿಸಿದೆ. ಸಾಲಿನಲ್ಲಿದ್ದ ಹಸು ಎಮ್ಮೆಗಳನ್ನು ನೋಡಿ ಮುಗಿಸಿದೆ. ಆಮೇಲೆ ಪ್ರಯೋಗಾಲಯಕ್ಕೆ ಫೋನ್ ಮಾಡಿ, ಕಳಿಸಿದ ಬಾಟಲಿಗಳಲ್ಲಿ ಹರಳಿನ ವಿಷ ಇದೆಯೇ ನೋಡಿ ಎಂದು ಕೇಳಿಕೊಂಡೆ.

"ಅದರ ಟೆಸ್ಟ್ ನಮ್ಮಲ್ಲಿಲ್ಲ ಮೇಡಂ. ಕೀಟನಾಶಕ, ಇಲಿ ಪಾಷಾಣ ಇಂಥವನ್ನ ನೋಡ್ತೀವಿ. ಅದೂ ನಿಮ್ಮ ಸರದಿ ಬರಾಕೆ ತಿಂಗಳುಗಳು ಬೇಕು," ಎಂದು ಆ ಕಡೆಯವರು ಹೇಳಿದರು.

ಕಾಯುವುದರಲ್ಲಿ ಅರ್ಥವಿಲ್ಲ ಎಂದು ಆಗ ಖಚಿತವಾಯಿತು. ತಿಂಗಳುಗಳ ಮೇಲೆ ಬರುವ ಉತ್ತರ ನನ್ನ ಪ್ರಶ್ನೆಗೆ ಸಂಬಂಧಿಸಿದ್ದೇ ಆಗಿರುವುದಿಲ್ಲ. ಅಲ್ಲಿಯವರೆಗೆ ಎಲ್ಲರೂ "ರಿಪೋರ್ಟ್ ಬರಲಿ" ಎನ್ನುತ್ತಾರೆ. ಆ ಮನುಷ್ಯ ಠಾಣೆಯ ನೆಲದ ಮೇಲೆ ಕೂತೇ ಇರುತ್ತಾನೆ. ಮೇಲಧಿಕಾರಿಯನ್ನು ಕೇಳಿದರೆ ಬೇಡ ಎನ್ನುತ್ತಾರೆ, ಅದೂ ಗೊತ್ತಿತ್ತು. ಕೇಳಲಿಲ್ಲ. ಸಬ್ ಇನ್‌ಸ್ಪೆಕ್ಟರಿಗೆ ಫೋನ್ ಮಾಡಿ, "ಸಾಕ್ಷಿ ಸಿಕ್ಕಿದೆ, ತೋಟಕ್ಕೆ ಬರ್ತೀರಾ?" ಎಂದೆ. ಯಾರ ವಿರುದ್ಧದ ಸಾಕ್ಷಿ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ತೋಟದಲ್ಲಿ ಅವರನ್ನೂ ಮಾಲೀಕರನ್ನೂ ಅಡಿಕೆ ಸಾಲಿನೊಳಗೆ ಕರೆದುಕೊಂಡು ಹೋದೆ. ಒಂದೊಂದು ಮರದ ಬುಡದಲ್ಲೂ ನಾಯಿ ಕಾಲಿನಿಂದ ಕೆದರಿದ ಗುಂಡಿಗಳು ಎದ್ದು ಕಾಣುತ್ತಿದ್ದವು. ಎಲ್ಲರೂ ದಿನವೂ ಓಡಾಡುವ ಜಾಗ. ಕುಕ್ಕರಗಾಲಲ್ಲಿ ಕೂತು ಒಂದು ಗುಂಡಿಯಿಂದ ಗೊಬ್ಬರ ತೆಗೆದೆ. ಮೂಳೆ ಪುಡಿಯ ಬಿಳಿ ಚೂರು, ಕಂದು ಹಿಂಡಿ. ನೀರಿನ ತಟ್ಟೆಯಲ್ಲಿ ಕದಡಿದಾಗ ಚುಕ್ಕೆ ಚುಕ್ಕೆಯ ಸಿಪ್ಪೆಗಳು ತೇಲಿದವು. ಪಕ್ಕದಲ್ಲಿ ಕರಿಯನ ಹೊಟ್ಟೆಯಿಂದ ಬಂದ ಸಿಪ್ಪೆ ಇಟ್ಟೆ.

"ಎರಡೂ ಒಂದೇ. ನಿಮ್ಮ ನಾಯಿ ಹೊಟ್ಟೆಯಲ್ಲೂ ಇಂಥದ್ದೇ ಜಿಡ್ಡು, ಇದೇ ವಾಸನೆ ಇತ್ತು. ಮೂಳೆ ವಾಸನೆಗೆ ಕೆದರಿ ತಿಂದಿವೆ. ವಿಷ ಇರೋದು ಹರಳು ಹಿಂಡೀಲಿ," ಎಂದೆ.

ಮಾಲೀಕರು ಗೊಬ್ಬರದ ಚೀಲ ತರಿಸಿದರು. ಚೀಲದ ಮೇಲೆ ಹಸಿರು ಎಲೆಯ ಚಿತ್ರ. 'ಶುದ್ಧ ಸಾವಯವ'. ಒಳಗೆ ಮೂಳೆ ಪುಡಿ ಮತ್ತು ಎಣ್ಣೆಬೀಜದ ಹಿಂಡಿ ಇದೆ ಎಂದಿತ್ತು. ಯಾವ ಎಣ್ಣೆಬೀಜ ಎಂದಿರಲಿಲ್ಲ. ಪ್ರಾಣಿಗಳಿಂದ ದೂರವಿಡಿ ಎಂಬ ಒಂದು ಸಾಲೂ ಇರಲಿಲ್ಲ.

"ಸಾವಯವ ಅಂತ ಬರ್ದೈತಲ್ಲ ಮೇಡಂ. ಸಾವಯವ ಹೆಂಗೆ ವಿಷ ಆಗುತ್ತೆ?"

"ಎಕ್ಕದ ಹಾಲೂ ಸಾವಯವಾನೇ, ಯಜಮಾನ್ರೇ. ಕಣ್ಣಿಗೆ ಬಿಟ್ಕೊಳ್ಳಿ ನೋಡೋಣ."

ಹಾಗೆ ಹೇಳಬಾರದಿತ್ತೇನೋ. ಆದರೆ ಆ ಹೊತ್ತಿಗೆ ನನ್ನ ತಾಳ್ಮೆ ಮುಗಿದಿತ್ತು. ಅವರ ಮುಖ ಕೆಂಪಾಯಿತು. "ಅಂದ್ರೆ ನಮ್ಮ ನಾಯೀನ ನಾವೇ ಸಾಯಿಸಿದ್ವಿ ಅಂತೀರಾ? ನಿಮ್ಮೂರೋನು ಅಂತ ಅವನ ಪರ ವಹಿಸ್ಕೊಂಡು ಬಂದೀರಾ?"

ನಿನ್ನೆ ನಾನು ಓದಿದವಳಾಗಿದ್ದೆ. ಇವತ್ತು ಜಗಳೂರಿನವಳಾದೆ.

"ಮೂರನೇ ನಾಯಿ ನನ್ನ ಆಸ್ಪತ್ರೆ ಮೇಜಿನ ಮೇಲೆ ಮಲಗಿದೆ," ಎಂದು ಸಬ್ ಇನ್‌ಸ್ಪೆಕ್ಟರ್ ಕಡೆ ತಿರುಗಿದೆ. "ಅದು ಆ ಆಳು ಸಾಕಿದ ನಾಯಿ. ನಿಮಗೆ ಅವನು ಹೇಳಿದ್ದನಂತೆ."

ಅವರು ಟೋಪಿ ತೆಗೆದು ಹಣೆ ಒರೆಸಿಕೊಂಡರು. "ಹೇಳಿದ್ದ. ತಪ್ಪಿಸ್ಕೊಳ್ಳಾಕೆ ಹೇಳ್ತಾನೆ ಅಂದ್ಕೊಂಡ್ವಿ. ಆದ್ರೂ ಲ್ಯಾಬ್ ರಿಪೋರ್ಟ್ ಬರ್ದೆ ಹೆಂಗೆ ಮೇಡಂ..."

"ಕೇಸು ದಾಖಲಾಗಿದೆಯಾ?"

"ಇಲ್ಲ. ನಿಮ್ಮ ರಿಪೋರ್ಟ್ ನೋಡ್ಕೊಂಡು ಮಾಡಾನ ಅಂತ."

"ಕೇಸೇ ಇಲ್ಲದೆ ಅವನನ್ನ ಯಾಕೆ ಕೂರಿಸಿದೀರಿ? ನನ್ನ ಅಭಿಪ್ರಾಯ ಈಗಲೇ ಬರೆದುಕೊಡ್ತೀನಿ. ಹರಳು ಹಿಂಡಿ ತಿಂದು ಸತ್ತಿವೆ, ಯಾರೂ ವಿಷ ಹಾಕಿದ ಲಕ್ಷಣ ಇಲ್ಲ ಅಂತ. ನಾಳೆ ನ್ಯಾಯಾಲಯದಲ್ಲಿ ಕೇಳಿದರೂ ಇದನ್ನೇ ಹೇಳ್ತೀನಿ. ಇದಾದ ಮೇಲೂ ಇಟ್ಕೊಂಡ್ರೆ ಅದು ನಿಮ್ಮ ಜವಾಬ್ದಾರಿ."

ಅಡಿಕೆ ಮರಕ್ಕೆ ರಟ್ಟು ಒತ್ತಿ ಹಿಡಿದು ಬರೆದೆ. ಸಹಿ ಹಾಕಿ ಮೊಹರು ಒತ್ತಿದೆ. ಸಬ್ ಇನ್‌ಸ್ಪೆಕ್ಟರ್ ಎರಡು ಸಲ ಓದಿ ಜೇಬಿಗಿಟ್ಟುಕೊಂಡರು. ಮಾಲೀಕರಿಗೆ ಏನೂ ಹೇಳದೆ ಜೀಪು ಹತ್ತಿದರು.

ಸಂಜೆಯ ಹೊತ್ತಿಗೆ ಅವನನ್ನು ಬಿಟ್ಟರು. ಅವನು ನಡೆದುಕೊಂಡೇ ಆಸ್ಪತ್ರೆಗೆ ಬಂದ. ನಲವತ್ತರ ಆಸುಪಾಸಿನ ಸಣಕಲು ಮನುಷ್ಯ, ಮೀನಖಂಡಕ್ಕೆ ಹಳೇ ಟವೆಲ್ ಕಟ್ಟಿದ್ದ. ನನಗೆ ಕೈ ಮುಗಿಯಲಿಲ್ಲ, ಥ್ಯಾಂಕ್ಸ್ ಅನ್ನಲಿಲ್ಲ. ಸೀದಾ ಮೇಜಿನ ಹತ್ತಿರ ಹೋಗಿ ನಾಯಿಯ ಹರಿದ ಕಿವಿ ಹಿಡಿದು, "ಏನೋ ಕರಿಯಾ," ಎಂದ. ಕರಿಯ ಕಣ್ಣು ತೆರೆಯಿತು. ಬಾಲ ಒಂದು ಸಲ ಮೇಜಿಗೆ ಬಡಿಯಿತು. ಅವನ ಹೆಂಡತಿ ಗೋಡೆಗೆ ಮುಖ ಮಾಡಿ ಅತ್ತಳು.

ಟವೆಲ್ ಬಿಚ್ಚಿಸಿ ಗಾಯ ನೋಡಿದೆ. ಕೀವು ತುಂಬಿತ್ತು. ಸೋಪು ಹಾಕಿ ತೊಳೆದು, ನಮ್ಮ ಸಹಾಯಕರ ಬೈಕಿನಲ್ಲಿ ಸರ್ಕಾರಿ ಆಸ್ಪತ್ರೆಗೆ ಇಂಜೆಕ್ಷನ್ನಿಗೆ ಕಳಿಸಿದೆ. ಕಚ್ಚಿದ ನಾಯಿಗೆ ಪೋಸ್ಟ್‌ಮಾರ್ಟಂ, ಪೊಲೀಸು, ಪ್ರಯೋಗಾಲಯ ಎಲ್ಲ ಆಯಿತು. ಕಚ್ಚಿಸಿಕೊಂಡವನಿಗೆ ಒಂದು ಸೂಜಿ ಚುಚ್ಚಿಸುವವರು ಇರಲಿಲ್ಲ.

ಕರಿಯ ಬದುಕುತ್ತದೆಂದು ನನಗೆ ನಂಬಿಕೆ ಇರಲಿಲ್ಲ. ಒಂದು ದಿನ ಬಾಲ ಆಡಿಸಿದರೆ ಮಾರನೆಯ ದಿನ ಮತ್ತೆ ರಕ್ತ. ಅದು ತಿಂದದ್ದು ಕಡಿಮೆ ಇರಬೇಕು, ದೊಡ್ಡ ನಾಯಿಗಳೆರಡೂ ಇದನ್ನು ಹತ್ತಿರ ಸೇರಿಸುತ್ತಿರಲಿಲ್ಲವಂತೆ. ಗಂಡ ಹೆಂಡತಿ ಆಸ್ಪತ್ರೆಯ ಜಗಲಿಯಲ್ಲೇ ಉಳಿದರು. ತೋಟದ ಶೆಡ್ಡಿಗೆ ವಾಪಸು ಹೋಗಲು ಅವರಿಗೆ ಮನಸ್ಸಿರಲಿಲ್ಲ. ವಾರ ಕಳೆಯುತ್ತಾ ಬಂದಾಗ ಒಂದು ಬೆಳಿಗ್ಗೆ ಕರಿಯ ತಾನಾಗಿ ಎದ್ದು ಗಂಜಿಯ ಬಟ್ಟಲಿಗೆ ಬಾಯಿ ಹಾಕಿತು. ಮುಗಿಸಿ ಬಟ್ಟಲನ್ನೂ ನೆಕ್ಕಿತು.

ಆ ದಿನಗಳಲ್ಲಿ ನಾನು ಹೊನ್ನಾಳಿ ಮತ್ತು ನ್ಯಾಮತಿ ಕಡೆಯ ಸಹೋದ್ಯೋಗಿಗಳಿಗೆ ಫೋನ್ ಮಾಡಿ ಕೇಳಿದ್ದೆ. ಒಬ್ಬರು, "ಸಾಸ್ವೆಹಳ್ಳಿ ಕಡೆ ದೊಡ್ಡ ನಾಯಿಗಳು ಹಿಂಗೇ ಸತ್ವು ಕಣ್ರೀ. ಪಾರ್ವೊ ಅಂತ ಬರ್ಕೊಂಡೆ," ಎಂದರು. ಇನ್ನೊಬ್ಬರ ಕಡೆ ಕರುವೊಂದು ಚೀಲ ಹರಿದು ತಿಂದು ಸತ್ತಿತ್ತು.

ಗೊಬ್ಬರ ಮಾರಿದ ಅಂಗಡಿಗೂ ಹೋದೆ. ಕೌಂಟರಿನ ಹಿಂದೆ ಕೂತಿದ್ದ ವ್ಯಾಪಾರಿ ನಾನು ಹೇಳಿದ್ದನ್ನೆಲ್ಲ ಸಾವಧಾನವಾಗಿ ಕೇಳಿದರು. ಚಹಾ ತರಿಸಿದರು.

"ಮೇಡಂ, ಇದು ಗಿಡಕ್ಕೆ ಮಾಡಿರೋ ಮಾಲು. ನಾಯಿ ತಿಂದ್ರೆ ನಾವೇನು ಮಾಡಾಕಾಗುತ್ತೆ?"

"ಚೀಲದ ಮೇಲೆ ಬರೀರಿ. ಹರಳು ಹಿಂಡಿ ಇದೆ, ಪ್ರಾಣಿಗಳಿಗೆ ವಿಷ ಅಂತ."

"ಬರೆದ್ರೆ ನಾಯಿಗೆ ಓದಾಕೆ ಬರುತ್ತಾ?" ಎಂದು ಪಕ್ಕದವರ ಕಡೆ ನೋಡಿ ನಕ್ಕರು. ಪಕ್ಕದವರೂ ನಕ್ಕರು.

"ನಾಯಿಗೆ ಬರಲ್ಲ. ಅದನ್ನು ಸಾಕಿದವರಿಗೆ ಬರುತ್ತೆ. ಅವರು ಓದಿದ್ದರೆ ಒಬ್ಬ ಮನುಷ್ಯ ಠಾಣೇಲಿ ರಾತ್ರಿ ಕಳೀಬೇಕಾಗ್ತಿರಲಿಲ್ಲ."

ಚಹಾ ಕುಡಿಯದೆ ಎದ್ದು ಬಂದೆ. ಕೃಷಿ ಇಲಾಖೆಗೆ ಬರೆದೆ. ಮೇಲಧಿಕಾರಿಯಿಂದ, ಕೇಳದೆ ಅಭಿಪ್ರಾಯ ಕೊಟ್ಟಿದ್ದೇಕೆ ಎಂದು ನೋಟಿಸು ಬಂತು, ಅದಕ್ಕೂ ಉತ್ತರ ಬರೆದೆ. ಇಲಾಖೆಯ ಉತ್ತರ ಈವರೆಗೆ ಬಂದಿಲ್ಲ. ಸಂತೇಬೆನ್ನೂರಿನ ವಾರದ ಸಂತೆಯಲ್ಲಿ ನಾನೂ ಸಹಾಯಕರೂ ಒಂದು ಮೇಜು ಹಾಕಿಕೊಂಡು, ಒಂದು ತಟ್ಟೆಯಲ್ಲಿ ಹರಳು ಬೀಜ, ಇನ್ನೊಂದರಲ್ಲಿ ಹಿಂಡಿ ಇಟ್ಟು ಕೂತೆವು. ಬುಡಕ್ಕೆ ಹಾಕಿದರೆ ಆಳವಾಗಿ ಮಣ್ಣು ಮುಚ್ಚಿ, ನಾಯಿ, ಕರುಗಳನ್ನು ಕಟ್ಟಿ, ಚೀಲವನ್ನು ಬಾಗಿಲಿರುವ ಕೋಣೆಯಲ್ಲಿಡಿ ಎಂದು ಬಂದವರಿಗೆಲ್ಲ ಹೇಳಿದೆವು. ಹೆಂಗಸರು ನಿಂತು ಕೇಳಿದರು. ಒಬ್ಬ ಮುದುಕಿ, "ಅಯ್ಯೋ, ನಮ್ಮ ನಾಯಿ ಹಂಗೇ ಹೋಯ್ತಲ್ಲಮ್ಮ, ಪಕ್ಕದ ಮನೆಯೋಳೇ ಏನೋ ಹಾಕಿದ್ಲು ಅಂತ ಮಾತು ಬಿಟ್ಟಿದ್ನಲ್ಲ," ಎಂದು ಅಲ್ಲೇ ತಲೆ ಮೇಲೆ ಕೈ ಇಟ್ಟುಕೊಂಡಳು.

ಮಾಲೀಕರು ಕ್ಷಮೆ ಕೇಳಲಿಲ್ಲ. ನನ್ನನ್ನಲ್ಲ, ಆ ಆಳನ್ನು ಕೇಳಬೇಕಿತ್ತು. ಆಸ್ಪತ್ರೆಗೆ ಒಂದು ಹೊಸ ಮರಿ ತಂದಿದ್ದರು, ಲಸಿಕೆಗೆ. ಎಲ್ಲ ಮೊದಲಿನ ಹಾಗೇ ಇದೆ ಎನ್ನುವಂತೆ ಮಾತಾಡಿದರು. "ಕೆಲಸಕ್ಕೆ ಜನ ಸಿಗವಲ್ರು ಮೇಡಂ. ಅವನು ಕೆಲಸಗಾರ ಒಳ್ಳೇನೇ ಇದ್ದ," ಎಂದರು. ನಾನು ಮರಿಗೆ ಲಸಿಕೆ ಹಾಕಿದೆ. ಗೊಬ್ಬರದ ಚೀಲ ಎಲ್ಲಿಟ್ಟಿದ್ದೀರಿ ಎಂದು ಕೇಳಿದೆ. ಪಂಪ್‌ಸೆಟ್ ಮನೆಯಲ್ಲಿ ಎಂದರು. ಅದಕ್ಕೆ ಬಾಗಿಲಿದೆಯಾ ಎಂದು ಕೇಳಿದೆ. ಹಾಕಿಸಬೇಕು ಎಂದರು.

ಗಂಡ ಹೆಂಡತಿ ಕರಿಯನನ್ನು ಕರೆದುಕೊಂಡು ಜಗಳೂರು ಕಡೆಯ ತಮ್ಮೂರಿಗೆ ಹೋಗಿಬಿಟ್ಟಿದ್ದರು. ಸ್ವಲ್ಪ ದಿನದ ಮೇಲೆ ಒಂದು ಮಧ್ಯಾಹ್ನ ಆ ಹೆಂಗಸಿನ ಫೋನ್ ಬಂತು. ಕರಿಯ ಮುದ್ದೆ ತಿನ್ನುತ್ತಾನೆ, ಕೋಳಿ ಅಟ್ಟುತ್ತಾನೆ ಎಂದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: "ಡಾಕ್ಟ್ರಮ್ಮ, ಇಲ್ಲಿ ಬದುವಿನ ತುಂಬ ಔಡಲ ಗಿಡ ಅದಾವೆ. ಕಟ್ಟಿ ಹಾಕ್ಲಾ?"

"ಮೊದ್ಲು ಊರಲ್ಲಿದ್ದಾಗ ಅದನ್ನ ತಿಂದಿದ್ನಾ?"

"ಇಲ್ರಿ. ಮೂಸಿನೂ ನೋಡಿಲ್ಲ."

"ಹಾಗಾದ್ರೆ ಬಿಡಮ್ಮ. ಉದುರಿದ ಕಾಯಿ ಜೊತೆ ಆಟ ಆಡದ ಹಾಗೆ ನೋಡ್ಕೋ, ಸಾಕು. ಅವನು ತಿಂದದ್ದು ಮೂಳೆ ಆಸೆಗೆ."

ಫೋನು ಗಂಡನ ಕೈಗೆ ಹೋಯಿತು. ಆಸ್ಪತ್ರೆಯ ಜಗಲಿಯಲ್ಲಿ ಅಷ್ಟು ದಿನ ಇದ್ದರೂ ಆ ಮನುಷ್ಯ ನನ್ನ ಜೊತೆ ಮಾತಾಡಿದ್ದು ಬಹಳ ಕಡಿಮೆ.

"ಸಾವ್ಕಾರ್ರು ಫೋನ್ ಮಾಡಿದ್ರು ಮೇಡಂ. ಆಗಿದ್ದಾತು, ವಾಪಸ್ ಬಾ ಅಂದ್ರು."

"ನೀವೇನಂದ್ರಿ?"

"ನಮ್ಮ ನಾಯಿ ಕರ್ಕೊಂಡು ಬರ್ಲಾ ಅಂದೆ. ನಾಯಿ ಬ್ಯಾಡ, ನೀವಿಬ್ರೇ ಬರ್ರಿ ಅಂದ್ರು." ಹಿಂದೆ ಎಲ್ಲೋ ಕರಿಯ ಬೊಗಳುವುದು ಕೇಳಿಸುತ್ತಿತ್ತು.

"ಅವತ್ತು ನನ್ನ ಮಾತು ನಿಜ ಅಂತ ಹೇಳಾಕೆ ಅದೊಂದೇ ಇದ್ದಿದ್ದು. ಅದನ್ನ ಬಿಟ್ಟು ನಾನು ಬರಲ್ರಿ ಅಂದು ಫೋನಿಟ್ಟೆ."